ಹಳೆಯ ಆಟೊಮ್ಯಾಟಿಕ್ ಕಾರು: ಘಾಟಿ ಹತ್ತುವ ಮೊದಲು



ಇಂದಿನ ಮಾತು ಕಾರಿನ ಬಗ್ಗೆ. ಹೊಸ ಕಾರಲ್ಲ; ಹತ್ತು ಹನ್ನೆರಡು ವರ್ಷ ಓಡಿದ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ, ಆಟೊಮ್ಯಾಟಿಕ್ ಗೇರಿನ ಹಳೆಯ ಕಾರು. ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಇಂಥ ಕಾರುಗಳು ಈಗ ಬೇಕಾದಷ್ಟಿವೆ. ಮಂಡಿನೋವಿನಿಂದ ಕ್ಲಚ್ಚು ತುಳಿಯಲಾಗದೆ ಕೊಂಡವರಿದ್ದಾರೆ. ದಾದರಿನಿಂದ ಠಾಣೆಗೆ ಹೋಗಿಬರುವಷ್ಟರಲ್ಲಿ ನೂರು ಸಲ ಗೇರು ಬದಲಿಸಿ ಸಾಕಾಗಿ ಕೊಂಡವರಿದ್ದಾರೆ. ಹೊಸದಕ್ಕೆ ಹಣ ಸಾಲದು, ಆದ್ದರಿಂದ ಹಳೆಯದು. ಊರೊಳಗೆ ಅದು ಸುಖವಾಗಿಯೇ ಓಡುತ್ತದೆ. ಪರೀಕ್ಷೆ ಬರುವುದು ರಜೆಯಲ್ಲಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕಸಾರಾ ಘಾಟಿ ಹತ್ತುವಾಗ.

ನಾಸಿಕದ ದಾರಿ ನಮಗೆ ಹೊಸತಲ್ಲ. ತ್ರ್ಯಂಬಕೇಶ್ವರ, ಶಿರಡಿ, ಅಲ್ಲಿಂದ ಮುಂದೆ 2023ರಲ್ಲಿ ಅಧಿಕೃತವಾಗಿ ಹೆಸರು ಬದಲಾದ ಛತ್ರಪತಿ ಸಂಭಾಜಿನಗರ, ಅದರಾಚೆ ಎಲ್ಲೋರ. ಕೈಲಾಸ ದೇವಾಲಯ ಕಟ್ಟಿಸಿದವನು ನಮ್ಮ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ ಎಂದು ಮಕ್ಕಳಿಗೆ ತೋರಿಸುವ ಆಸೆ ಯಾರಿಗಿಲ್ಲ? ಅದೇ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕೂ ಇದೆ, ಅದನ್ನು ದಾಟಿ ಚಾಳೀಸಗಾಂವ್ ಕಡೆಗೆ ಇಳಿಯುವ ಒಂದು ಘಾಟಿಯೂ ಇದೆ. ಹೋಗುವಾಗ ಒಂದು ಘಾಟಿ, ಸುತ್ತಾಡುವಾಗ ಇನ್ನೊಂದು. ಬೇಸಿಗೆಯಾದರೆ ಮರಾಠವಾಡದ ನಲವತ್ತು ಡಿಗ್ರಿ ಬಿಸಿಲು. ಗೇರ್‌ಬಾಕ್ಸಿಗೆ ಆಗದ ಸಂಗತಿಗಳೆಲ್ಲ ಈ ಒಂದೇ ಪ್ರವಾಸದಲ್ಲಿ ಸೇರಿಕೊಳ್ಳುತ್ತವೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಆಟೊಮ್ಯಾಟಿಕ್ ಎಂಬ ಹೆಸರು ಒಂದೇ. ಒಳಗಿನ ಯಂತ್ರ ಒಂದೇ ಅಲ್ಲ. ನಮ್ಮ ರಸ್ತೆಗಳಲ್ಲಿ ನಾಲ್ಕು ಬಗೆ ಕಾಣಸಿಗುತ್ತವೆ.

ಒಂದು, ಟಾರ್ಕ್ ಕನ್ವರ್ಟರ್. ಹಳೆಯ ಮಾರುತಿ ಝೆನ್ ಆಟೊಮ್ಯಾಟಿಕ್, ಹ್ಯುಂಡೈ ಐ-10 ಆಟೊಮ್ಯಾಟಿಕ್ ಈ ಬಗೆಯವು. ಇಲ್ಲಿ ಎಂಜಿನ್ನಿನ ಶಕ್ತಿಯನ್ನು ಗೇರಿಗೆ ದಾಟಿಸುವುದು ಎಣ್ಣೆ. ಮಜ್ಜಿಗೆ ಕಡೆಯುವಾಗ ಮೇಲೆ ತೇಲುವ ಕರಿಬೇವಿನ ಎಲೆಯನ್ನು ನೋಡಿದ್ದೀರಲ್ಲ? ಕಡೆಗೋಲು ಅದಕ್ಕೆ ತಾಗುವುದಿಲ್ಲ, ಆದರೂ ಎಲೆ ಸುತ್ತುತ್ತದೆ. ಹಾಗೆ.

ಎರಡು, ಸಿವಿಟಿ. 2014ರ ಹೊಂಡಾ ಸಿಟಿ ಪೆಟ್ರೋಲ್ ಕಾರಿನಲ್ಲಿ ಬಂದದ್ದು ಇದು. ಹಿಟ್ಟಿನ ಗಿರಣಿಯ ಹಾಗೆ ಎರಡು ರಾಟೆ, ನಡುವೆ ಉಕ್ಕಿನ ಬೆಲ್ಟು. ರಾಟೆಗಳು ಅಗಲವಾಗುತ್ತ ಕಿರಿದಾಗುತ್ತ ವೇಗ ಹೊಂದಿಸುತ್ತವೆ.

ಮೂರು, ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಇದನ್ನು ಮನೆಮಾತು ಮಾಡಿತು. ಒಳಗಿರುವುದು ಸಾಧಾರಣ ಗೇರ್‌ಬಾಕ್ಸೇ, ಸಾಧಾರಣ ಕ್ಲಚ್ ಪ್ಲೇಟೇ. ನಮ್ಮ ಕಾಲು ಮಾಡುತ್ತಿದ್ದ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೆ.

ನಾಲ್ಕು, ಜೋಡಿ ಕ್ಲಚ್ಚಿನದು. ಸ್ಕೋಡಾ ಲಾರಾ, ಸೂಪರ್ಬ್, ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯಲ್ಲಿ ಡಿಎಸ್‌ಜಿ ಎಂಬ ಹೆಸರಿನಲ್ಲಿ ಬಂದದ್ದು. ಒಂದು, ಮೂರು, ಐದಕ್ಕೆ ಒಂದು ಕ್ಲಚ್ಚು. ಎರಡು, ನಾಲ್ಕು, ಆರಕ್ಕೆ ಇನ್ನೊಂದು.

ಈ ಪಟ್ಟಿ ಯಾಕೆಂದರೆ, ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗಬಹುದು. ಸಿವಿಟಿಗೆ ಅದರದೇ ಎಣ್ಣೆ ಬೇಕು. ಟಾರ್ಕ್ ಕನ್ವರ್ಟರಿನ ಎಣ್ಣೆ ಸುರಿದರೆ ಬೆಲ್ಟು ಜಾರಿ ಹಾಳಾಗುತ್ತದೆ. ಗ್ಯಾರೇಜಿಗೆ ಹೋಗುವ ಮೊದಲು ನಿಮ್ಮ ಕಾರಿನದು ಯಾವ ಬಗೆ ಎಂದು ಕಾರಿನ ಪುಸ್ತಕ ತೆರೆದು ನೋಡಿಕೊಳ್ಳಿ. ಅಲ್ಲಿಗೆ ಅರ್ಧ ಮೋಸ ತಪ್ಪಿತು.

ಇನ್ನು ತೊಂದರೆಯ ಲಕ್ಷಣಗಳು. ಗೇರ್‌ಬಾಕ್ಸು ಸಾಮಾನ್ಯವಾಗಿ ಹೇಳದೆ ಕೇಳದೆ ಕೆಡುವುದಿಲ್ಲ. ಬೆಳಿಗ್ಗೆ ‘ಡಿ’ಗೆ ಹಾಕಿದ ಮೇಲೆ ಕಾರು ಎರಡು ಮೂರು ಸೆಕೆಂಡು ಯೋಚನೆ ಮಾಡುತ್ತದೆ. ‘ಆರ್’ಗೆ ಹಾಕಿದಾಗ ಧಡ್ ಎನ್ನುತ್ತದೆ. ನಿಧಾನವಾಗಿ ಹೋಗುವಾಗ ಮೈ ನಡುಗಿಸುತ್ತದೆ. ಎಂಜಿನ್ನು ಕೂಗುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಕೊನೆಗೊಂದು ದಿನ ಒಂದೇ ಗೇರಿನಲ್ಲಿ ನಿಂತುಬಿಡುತ್ತದೆ. ಇದು ಕೆಲವೊಮ್ಮೆ ಕಾರು ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯ. ಹೇಗೋ ತೆವಳಿಕೊಂಡು ಗ್ಯಾರೇಜು ಮುಟ್ಟಲಿ ಎಂದು ಹಾಗೆ ಏರ್ಪಾಡು ಮಾಡಿರುತ್ತಾರೆ. ಆಗಲೂ ಆಕ್ಸಲರೇಟರ್ ಒತ್ತಿ ಒತ್ತಿ ಊರು ಸೇರಿಸಲು ಹೊರಟರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ.

ಆದರೆ ಈ ಲಕ್ಷಣ ಕಂಡ ಕೂಡಲೇ ಗೇರ್‌ಬಾಕ್ಸೇ ಹೋಯಿತು ಎಂದು ಎದೆ ಒಡೆದುಕೊಳ್ಳಬೇಕಾಗಿಲ್ಲ. ಬ್ಯಾಟರಿ ಸೋತಿದ್ದರೂ ಗೇರಿನ ದೀಪ ಹೊತ್ತಬಹುದು. ಎಂಜಿನ್ ಕೂತಿರುವ ರಬ್ಬರಿನ ಮೌಂಟು ಹರಿದಿದ್ದರೂ ಧಡ್ ಸದ್ದು ಬರುತ್ತದೆ. ಬ್ರೇಕಿನ ಸ್ವಿಚ್ಚು ಕೆಟ್ಟರೆ ಕಡ್ಡಿ ‘ಪಿ’ಯಿಂದ ಅಲ್ಲಾಡದೆ ಹೋಗಬಹುದು. ಎಎಂಟಿಯಲ್ಲಿ ಕ್ಲಚ್ ಪ್ಲೇಟು ಸವೆದಿರುತ್ತದೆ, ಅಥವಾ ಕಂಪ್ಯೂಟರು ಕ್ಲಚ್ಚಿನ ಅಳತೆಯನ್ನು ಹೊಸದಾಗಿ ಕಲಿಯಬೇಕಾಗಿರುತ್ತದೆ. ಇವೆಲ್ಲ ಗೇರ್‌ಬಾಕ್ಸ್ ಬಿಚ್ಚದೆಯೇ ನೋಡಬಹುದಾದ ಸಂಗತಿಗಳು. ಅಗ್ಗದ ಕಾರಣ ಮೊದಲು, ದುಬಾರಿ ಕಾರಣ ಆಮೇಲೆ.

ನಾಸಿಕದಲ್ಲಿರುವ ನನ್ನ ಭಾವನವರ ಕಾರಿನ ಪ್ರಸಂಗ ಇಲ್ಲಿ ಹೇಳಬೇಕು. ಹನ್ನೆರಡು ವರ್ಷದ ಟಾರ್ಕ್ ಕನ್ವರ್ಟರ್ ಕಾರು. ಯೇವಲಾ, ವೈಜಾಪುರದ ಮೇಲೆ ಸಂಭಾಜಿನಗರಕ್ಕೆ ಹೊರಟವರಿಗೆ ದಾರಿಯಲ್ಲೇ ಕಾರು ಜಾರತೊಡಗಿತು. ಊರು ಸೇರಿ ಒಂದು ದೊಡ್ಡ ಗ್ಯಾರೇಜಿಗೆ ಬಿಟ್ಟರು. ಸಂಜೆ ಫೋನು ಬಂತು: ಪೂರಾ ಗೇರ್‌ಬಾಕ್ಸ್ ಬದಲಿಸಬೇಕು, ಒಂದು ಲಕ್ಷ ಅರವತ್ತು ಸಾವಿರ. ಕಾರಿಗೆ ಆಗ ಎರಡೂವರೆ ಲಕ್ಷ ಬಂದರೆ ಹೆಚ್ಚು. ಅಕ್ಕ ಹೇಳಿದಳು, “ಹೇಗಿದೆಯೋ ಹಾಗೆ ಮಾರಿಬಿಡಿ.” ಭಾವನವರು, “ಯಾರಿಗೆ ಮಾರೋದು? ಕೊಳ್ಳೋನೂ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡೇ ಘಾಟಿ ಇಳೀತಾನಲ್ಲ?” ಎಂದರು.

ಮರುದಿನ ಪರಿಚಯದವರೊಬ್ಬರು ಇನ್ನೊಬ್ಬ ಮೇಸ್ತ್ರಿಯನ್ನು ತೋರಿಸಿದರು. ಅವನು ಕಾರನ್ನು ಮೇಲೆತ್ತಿ ಭಾವನವರನ್ನು ಕೆಳಗೆ ಕರೆದ. “ಸಾಹೇಬ್, ಕೈ ಹಾಕಿ ನೋಡಿ” ಎಂದ. ಗೇರಿನ ಎಣ್ಣೆಯನ್ನು ತಂಪು ಮಾಡಲು ಒಯ್ಯುವ ರಬ್ಬರ್ ಪೈಪು ಒದ್ದೆಯಾಗಿತ್ತು. ಎಣ್ಣೆ ಒಂದು ಲೀಟರಿಗೂ ಹೆಚ್ಚು ಸೋರಿಹೋಗಿತ್ತು. ಪೈಪು, ಫಿಲ್ಟರು, ಹೊಸ ಎಣ್ಣೆ, ಕೂಲಿ ಎಲ್ಲ ಸೇರಿ ಹದಿನಾಲ್ಕು ಸಾವಿರದಲ್ಲಿ ಮುಗಿಯಿತು. ಹಣ ತೆಗೆದುಕೊಳ್ಳುವಾಗ ಅವನು ಇನ್ನೊಂದು ಮಾತು ಹೇಳಿದನಂತೆ: “ಹೀಗೇ ಇನ್ನೊಂದು ಘಾಟಿ ಹತ್ತಿದ್ದರೆ ಆ ಗ್ಯಾರೇಜಿನವರ ಲೆಕ್ಕವೇ ನಿಜವಾಗುತ್ತಿತ್ತು.”

ಈ ಮಾತು ಯಾರನ್ನೂ ದೂರುವುದಕ್ಕಲ್ಲ. ಗೇರ್‌ಬಾಕ್ಸ್ ರಿಪೇರಿ ಯಾಕೆ ದುಬಾರಿ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಎರಡೂ ಊರುಗಳು ವಾಹನ ಉದ್ಯಮದ ಊರುಗಳೇ. ನಾಸಿಕದ ಮೈಕೊ ಸರ್ಕಲ್ ಎಂಬ ಹೆಸರು ಬೆಂಗಳೂರಿನವರ ಕಿವಿಗೆ ತವರಿನ ಹೆಸರಿನಂತೆ ಕೇಳುತ್ತದೆ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಅದೇ ಮೈಕೊ. 2002ರ ಮಹೀಂದ್ರ ಸ್ಕಾರ್ಪಿಯೊ ತಯಾರಾದದ್ದು ನಾಸಿಕದಲ್ಲಿ. ಸಂಭಾಜಿನಗರದ ಶೇಂದ್ರಾದಲ್ಲಿ 2001ರಿಂದ ಸ್ಕೋಡಾ ಕಾರುಗಳನ್ನು ಜೋಡಿಸತೊಡಗಿದರು. ಆದರೆ 2008ರಲ್ಲಿ ಬಂದ ಆಟೊಮ್ಯಾಟಿಕ್ ಸ್ಕಾರ್ಪಿಯೊದ ಆರು ಗೇರಿನ ಪೆಟ್ಟಿಗೆ ಆಸ್ಟ್ರೇಲಿಯಾದ ಡಿಎಸ್‌ಐ ಕಂಪನಿಯದು. 2009ರಲ್ಲಿ ಆ ಕಂಪನಿಯೇ ಸಂಕಷ್ಟಕ್ಕೆ ಸಿಕ್ಕಿ ಚೀನಾದ ಜೀಲಿಯ ಕೈಸೇರಿತು. ಕಾರು ಮನೆಯ ಪಕ್ಕದಲ್ಲೇ ತಯಾರಾಗಿರಬಹುದು, ಅದರ ಗೇರ್‌ಬಾಕ್ಸು ಸಮುದ್ರ ದಾಟಿ ಬಂದಿರುತ್ತದೆ. ಒಳಗಿನ ಬಿಡಿಭಾಗ ಸುಲಭಕ್ಕೆ ಸಿಗದು. ಹಾಗಾಗಿ ದೊಡ್ಡ ಗ್ಯಾರೇಜುಗಳು ಬಿಚ್ಚಿ ನೋಡುವ ಬದಲು ಪೂರಾ ಬದಲಿಸಿ ಎನ್ನುತ್ತವೆ.

ಎಣ್ಣೆ ಮತ್ತು ಬಿಸಿಲಿನ ಮಹಿಮೆ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಮೂಹ ಏಳು ಗೇರಿನ ಡಿಎಸ್‌ಜಿ ಇದ್ದ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ವಾಪಸು ಕರೆಯಿತು. ಒಳಗಿದ್ದ ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಲು. ಸೆಕೆ, ತೇವ, ನಿಂತು ನಿಂತು ಸಾಗುವ ಟ್ರಾಫಿಕ್ಕು ಸೇರಿದಲ್ಲಿ ಗೇರ್‌ಬಾಕ್ಸಿನ ವಿದ್ಯುತ್ತು ಕೈಕೊಡುವ ಸಾಧ್ಯತೆ ಕಂಡಿತ್ತು. ಸೆಕೆ, ತೇವ, ಟ್ರಾಫಿಕ್ಕು ಎಂದರೆ ನಮ್ಮ ಮುಂಬಯಿಯ ವರ್ಣನೆಯೇ ಅಲ್ಲವೆ?

“ಈ ಎಣ್ಣೆ ಕಾರಿನ ಆಯುಷ್ಯಕ್ಕೆ ಸಾಕು, ಬದಲಿಸಬೇಕಾಗಿಲ್ಲ” ಎಂಬ ಮಾತನ್ನು ನೀವೂ ಕೇಳಿರಬಹುದು. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿಲೋಮೀಟರಿಗೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಎನ್ನುತ್ತದೆ. ಹಳೆಯ ಕಾರು ಕೊಂಡವರು ಕೇಳಬೇಕಾದ ಮೊದಲ ಪ್ರಶ್ನೆ, ಗೇರಿನ ಎಣ್ಣೆ ಬದಲಿಸಿದ ರಸೀದಿ ಇದೆಯೇ? ಟಾರ್ಕ್ ಕನ್ವರ್ಟರಿನ ಎಣ್ಣೆ ಹೊಸದಿದ್ದಾಗ ಸಾಮಾನ್ಯವಾಗಿ ಕೆಂಪಗಿರುತ್ತದೆ. ಕಂದು, ಕಪ್ಪು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಒಳಗೆ ಪ್ಲೇಟು ಸುಡುತ್ತಿದೆ ಎಂದು ಅರ್ಥ. ಹಾಲು ಬೆರೆಸಿದ ಹಾಗೆ ಕೆನೆಗಟ್ಟಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರಿದೆ. ಕಾರು ಅಲ್ಲೇ ನಿಲ್ಲಿಸಬೇಕು. ಅಳತೆ ಕಡ್ಡಿ ಇದ್ದರೆ ನೀವೇ ನೋಡಬಹುದು. ಕೆಲವು ಕಾರುಗಳಲ್ಲಿ ಎಂಜಿನ್ ನಡೆಯುತ್ತಿರುವಾಗ, ಕೆಲವದರಲ್ಲಿ ಆರಿಸಿದ ಕೂಡಲೇ ನೋಡಬೇಕು. ಕಾರಿನ ಪುಸ್ತಕ ಹೇಳಿದ ಹಾಗೆ ಮಾಡಿ.

ಈಗ ಘಾಟಿಯ ಮಾತು. ಸಮೃದ್ಧಿ ಮಹಾಮಾರ್ಗ 2025ರ ಜೂನ್‌ನಲ್ಲಿ ಪೂರ್ತಿ ತೆರೆದ ಮೇಲೆ ಇಗತಪುರಿಯಿಂದ ಸಂಭಾಜಿನಗರದವರೆಗೆ ಒಂದೇ ವೇಗದಲ್ಲಿ ಹೋಗಬಹುದು. ಗೇರ್‌ಬಾಕ್ಸಿಗೆ ಅದು ವಿಶ್ರಾಂತಿಯೇ. ಕಷ್ಟವೆಲ್ಲ ಏರಿನಲ್ಲಿ ಸಾಲುಗಟ್ಟಿ ನಿಂತಾಗ. ಆಗ ಆಕ್ಸಲರೇಟರಿನ ಮೇಲೆ ಕಾರನ್ನು ಹಿಡಿದು ನಿಲ್ಲಿಸಬೇಡಿ, ಬ್ರೇಕು ಹಿಡಿಯಿರಿ. ಎಎಂಟಿ ಮತ್ತು ಒಣ ಕ್ಲಚ್ಚಿನ ಡಿಎಸ್‌ಜಿಯಲ್ಲಿ ಕ್ಲಚ್ಚು ಸುಡುವುದು ಹೀಗೆಯೇ. ಇಳಿಯುವಾಗ ಕೆಳಗಿನ ಗೇರಿಗೆ ಹಾಕಿ. ಡೀಸೆಲ್ ಉಳಿಯಲಿ ಎಂದು ‘ಎನ್’ಗೆ ಹಾಕುವುದು ಬೇಡವೇ ಬೇಡ. 2027ರ ನಾಸಿಕ ಕುಂಭಮೇಳಕ್ಕೆ ಹೋಗುವವರು ಈ ಮಾತನ್ನು ಈಗಲೇ ಬರೆದಿಟ್ಟುಕೊಳ್ಳಿ.

ಕಾರು ನಿಂತೇ ಹೋದರೆ ಹಗ್ಗ ಕಟ್ಟಿ ಎಳೆಸಬೇಡಿ. ಟಾರ್ಕ್ ಕನ್ವರ್ಟರಿನಲ್ಲಿ ಎಣ್ಣೆ ಹರಿಸುವ ಪಂಪು ಎಂಜಿನ್ ನಡೆದಾಗ ಮಾತ್ರ ನಡೆಯುತ್ತದೆ. ಎಂಜಿನ್ ಆರಿಸಿ ಚಕ್ರ ಉರುಳಿಸಿಕೊಂಡು ಎಳೆದರೆ ಒಳಗಿನ ಭಾಗಗಳು ಒಣಗಿ ಉಜ್ಜಿಹೋಗುತ್ತವೆ. ಇಡೀ ಕಾರನ್ನು ಮೇಲೇರಿಸಿಕೊಂಡು ಹೋಗುವ ಚಪ್ಪಟೆ ಲಾರಿಯನ್ನೇ ಕರೆಸಿ. ನೂಕಿ ಸ್ಟಾರ್ಟ್ ಮಾಡುವ ಹಳೆಯ ಉಪಾಯವೂ ಇಲ್ಲಿ ನಡೆಯದು.

ಗ್ಯಾರೇಜಿನಲ್ಲಿ ನಾಲ್ಕು ಮಾತು ಕೇಳಿ. ಕಂಪ್ಯೂಟರ್ ಹಚ್ಚಿದಾಗ ಯಾವ ಕೋಡು ಬಂತು? ಎಣ್ಣೆಯ ಮಟ್ಟ, ಬಣ್ಣ ಹೇಗಿದೆ, ತೋರಿಸುತ್ತೀರಾ? ಅಂದಾಜು ಬರೆದುಕೊಡುತ್ತೀರಾ? ತೆಗೆದ ಹಳೆಯ ಭಾಗ ನನಗೆ ಕೊಡುತ್ತೀರಾ? ಒಳ್ಳೆಯ ಮೇಸ್ತ್ರಿಗೆ ಈ ಪ್ರಶ್ನೆಗಳಿಂದ ಕೋಪ ಬರುವುದಿಲ್ಲ. ಕೋಪ ಬಂದರೆ ಕಾರು ಬೇರೆ ಕಡೆ ಒಯ್ಯಿರಿ. ನಿಜಕ್ಕೂ ಅನ್ಯಾಯವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ರಸೀದಿ ಮಾತ್ರ ಜೋಪಾನ.

ಗೇರ್‌ಬಾಕ್ಸು ನಿಜಕ್ಕೂ ಹೋಗಿದ್ದರೆ? ಆಗ ಲೆಕ್ಕ ಹಾಕಬೇಕು. ರಿಪೇರಿಯ ಖರ್ಚು, ಕಾರಿನ ಬೆಲೆ, ಇನ್ನೆಷ್ಟು ವರ್ಷ ಬೇಕು. ರಿಪೇರಿ ಕಾರಿನ ಅರ್ಧ ಬೆಲೆ ದಾಟಿದರೆ ಮಾರುವುದೇ ಜಾಣತನ ಇರಬಹುದು. ಮಾರಿ, ಆದರೆ ಗೇರಿನ ತೊಂದರೆಯನ್ನು ಹೇಳಿ, ಬೆಲೆ ಇಳಿಸಿ ಮಾರಿ. ಭಾವನವರು ಕೇಳಿದ ಪ್ರಶ್ನೆಗೆ ನನಗೆ ಬೇರೆ ಉತ್ತರ ಹೊಳೆದಿಲ್ಲ.

ಈ ವಾರ ಕಾರು ತೆಗೆಯುವಾಗ ರೇಡಿಯೋ ಹಾಕುವ ಮೊದಲು ಅರ್ಧ ನಿಮಿಷ ಸುಮ್ಮನೆ ಕೂತು, ‘ಡಿ’ಗೆ ಹಾಕಿ, ಅದು ಎಷ್ಟು ಹೊತ್ತಿಗೆ ಕದಲುತ್ತದೆ ನೋಡಿ. ಆಮೇಲೆ ಬೇಕಾದರೆ ನಮ್ಮನ್ನು ಕೇಳಿ.