ಎಂಟು ವರ್ಷದ ಹುಡುಗ ‘ಸೆಲೆಕ್ಟ್’ ಆಗಿದ್ದು ಯಾವುದಕ್ಕೆ?

ಇವತ್ತು ರಾಜಕೀಯ ಇಲ್ಲ. ರೆಸಾರ್ಟೂ ಇಲ್ಲ, ರಾಜೀನಾಮೆಯೂ ಇಲ್ಲ. ಇವತ್ತಿನ ವಿಷಯ ಒಂದು ಕರಪತ್ರ.

ಬನಹಟ್ಟಿಯಿಂದ ನೇಕಾರರೊಬ್ಬರು ಅದರ ಫೋಟೊ ಕಳಿಸಿದ್ದಾರೆ. ಜೊತೆಗೆ ಒಂದು ವಾಯ್ಸ್ ಮೆಸೇಜ್. ಹಿಂದೆ ಮಗ್ಗದ ಸದ್ದು ಎಷ್ಟು ಜೋರಾಗಿದೆ ಅಂದ್ರೆ, ಮಾತು ಹಿಡಿಯೋಕೆ ಮೂರು ಸಲ ಕೇಳಬೇಕಾಯ್ತು. “ಸರ, ನನ್ನ ಮಗಗ ಎಂಟ ವರ್ಷ. ಫುಟ್‌ಬಾಲ್ ಹುಚ್ಚ ಭಾಳ. ಬೆಳಗಾವ್ಯಾಗ ಟ್ರಯಲ್ಸ್ ಇತ್ತು, ಕರಕೊಂಡ ಹೋಗಿದ್ದೆ. ಸೆಲೆಕ್ಟ್ ಆಗ್ಯಾನ ಅಂದಾರ. ದೂರದ ಊರಾಗ ಹಾಸ್ಟೆಲ್‌ನ್ಯಾಗ ಇಟ್ಕೊಂಡ ಕಲಸ್ತಾರಂತ. ತಿಂಗಳೊಳಗ ರೊಕ್ಕಾ ಕಟ್ಟಬೇಕಂತ. ಎರಡ ಮಗ್ಗ ಅದಾವ್ರಿ, ಒಂದ ಒತ್ತಿ ಇಡಲೇನು?”

ಒಂದು ಮಗ್ಗ ಒತ್ತೆ ಇಡೋದು ಅಂದ್ರೆ ಏನು ಅಂತ ರಬಕವಿ, ಬನಹಟ್ಟಿ, ರಾಮಪುರದವರಿಗೆ ನಾನು ಹೇಳಬೇಕಾಗಿಲ್ಲ. ಮನೆಯ ಅರ್ಧ ಅನ್ನ ಅದು.

ಕರಪತ್ರಕ್ಕೆ ಬರೋಣ. ನಾನು ಇಂಜಿನಿಯರಿಂಗ್ ಓದಿದವನು. ಅಲ್ಲಿ ಕಲಿತದ್ದರಲ್ಲಿ ಈಗಲೂ ನೆನಪಿರೋದು ಕಡಿಮೆ. ಆದರೆ ಒಬ್ಬ ಮೇಷ್ಟ್ರು ಹೇಳ್ತಿದ್ದ ಮಾತು ಮರೆತಿಲ್ಲ: ಯಂತ್ರ ಕೊಳ್ಳುವಾಗ ಬ್ರೋಷರ್‌ನಲ್ಲಿ ಏನಿದೆ ಅಂತ ನೋಡಬೇಡಿ, ಏನಿಲ್ಲ ಅಂತ ನೋಡಿ. ಈ ಕರಪತ್ರದಲ್ಲಿ ಏನೇನಿದೆ? ಮೆಸ್ಸಿ ಫೋಟೊ ಇದೆ, ಇಂಡಿಯನ್ ಸೂಪರ್ ಲೀಗ್ ಹೆಸರಿದೆ, ಯುರೋಪ್ ಇದೆ, ವಿಮಾನದ ಚಿತ್ರ ಕೂಡ ಇದೆ. ಏನಿಲ್ಲ? ಕೋಚ್ ಹೆಸರಿಲ್ಲ. ಯಾವ ಸಂಸ್ಥೆಯ ನೋಂದಣಿಯೂ ಇಲ್ಲ. ಮಕ್ಕಳು ಯಾವ ಶಾಲೆಯಲ್ಲಿ ಓದ್ತಾರೆ ಅನ್ನೋದಿಲ್ಲ. ರಾತ್ರಿ ಜ್ವರ ಬಂದರೆ ಯಾರು ನೋಡ್ತಾರೆ ಅನ್ನೋದಂತೂ ಇಲ್ಲವೇ ಇಲ್ಲ.

ಅವರಿಗೆ ವಾಪಸ್ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. “ಅಣ್ಣಾರ, ಅವತ್ತು ಟ್ರಯಲ್ಸ್‌ಗೆ ಬಂದವರಲ್ಲಿ ಎಷ್ಟು ಹುಡುಗರು ಫೇಲ್ ಆದರು?” ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದ್ರು: “ಗುರ್ತಿದ್ದಾವ್ರೆಲ್ಲಾ ಸೆಲೆಕ್ಟೇ ಆಗ್ಯಾರ್ರಿ.”

ಎಲ್ಲರೂ ಸೆಲೆಕ್ಟ್ ಆದರೆ ಅದಕ್ಕೆ ಆಯ್ಕೆ ಅನ್ನಲ್ಲ, ಅಡ್ಮಿಷನ್ ಅಂತಾರೆ. ಅಡ್ಮಿಷನ್ ತಪ್ಪಲ್ಲ. ದುಡ್ಡು ತಗೊಂಡು ಕಲಿಸೋದೂ ತಪ್ಪಲ್ಲ. ಆದರೆ ಅಡ್ಮಿಷನ್‌ಗೆ ಆಯ್ಕೆ ಅಂತ ಹೆಸರಿಟ್ಟಾಗ, ತಂದೆ ಅಂದುಕೊಳ್ಳೋದು ಮಗನಲ್ಲಿ ಏನೋ ಕಂಡಿದ್ದಾರೆ ಅಂತ. ಒತ್ತೆ ಇಡೋ ಧೈರ್ಯ ಬರೋದೇ ಅಲ್ಲಿಂದ.

ಸರಿ, ನಿಜವಾಗಿಯೂ ಆಯ್ಕೆ ಮಾಡಿದ್ದರು ಅಂತಲೇ ಇಟ್ಕೊಳ್ಳಿ. ಎಂಟು ವರ್ಷದ ಹುಡುಗನಲ್ಲಿ ಏನು ಕಾಣುತ್ತೆ? ಲೆಕ್ಕ ಮಾಡೋಣ. ವಯೋಮಿತಿಯ ಗುಂಪುಗಳನ್ನು ಸಾಮಾನ್ಯವಾಗಿ ಜನವರಿ 1ರಿಂದ ಎಣಿಸ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ನಡುವೆ 11 ತಿಂಗಳು. ನಮಗೆ ನಿಮಗೆ ಅದು ಏನೂ ಅಲ್ಲ. ಎಂಟು ವರ್ಷದವನಿಗೆ ಅದು ಅವನ ಇಡೀ ಆಯುಷ್ಯದ ಹತ್ತಿರ ಹತ್ತಿರ ಎಂಟನೇ ಒಂದು ಭಾಗ. ಜನವರಿಯವನು ಎತ್ತರ, ಗಟ್ಟಿ, ವೇಗ. ನೋಡಿದವರು ‘ಪ್ರತಿಭೆ’ ಅಂತಾರೆ. ಅದು ಎಷ್ಟೋ ಸಲ ಬರೀ ಹುಟ್ಟಿದ ತಿಂಗಳು. ಜಗತ್ತಿನಾದ್ಯಂತ ಫುಟ್‌ಬಾಲ್ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿರೋದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. (ನಮ್ಮ ಕಡೆಯ ಒಂದು ತಲೆಮಾರಿಗೆ ಈ ತೊಂದರೆ ಇರಲಿಲ್ಲ ಬಿಡಿ. ಹೆಡ್ ಮಾಸ್ತರರ ಕೃಪೆಯಿಂದ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿತ್ತು!)

ಫಿಫಾ, ಅಂದ್ರೆ ಇಡೀ ಜಗತ್ತಿನ ಫುಟ್‌ಬಾಲ್ ನಡೆಸೋ ಸಂಸ್ಥೆ, ಇದಕ್ಕೆ ಏನನ್ನುತ್ತೆ? ಒಬ್ಬ ಆಟಗಾರ ದೊಡ್ಡವನಾಗಿ ವೃತ್ತಿಪರನಾದರೆ, ಚಿಕ್ಕಂದಿನಲ್ಲಿ ಅವನಿಗೆ ಕಲಿಸಿದ ಕ್ಲಬ್‌ಗೆ ಪರಿಹಾರ ಹಣ ಕೊಡಬೇಕು ಅಂತ ಅದರ ನಿಯಮ ಇದೆ. ಒಳ್ಳೆಯ ನಿಯಮ. ಆದರೆ ಆ ಲೆಕ್ಕ ಶುರುವಾಗೋದು ಯಾವ ವಯಸ್ಸಿಂದ? 12ರಿಂದ. ಅದಕ್ಕಿಂತ ಹಿಂದಿನದನ್ನ ಫಿಫಾ ಲೆಕ್ಕಕ್ಕೇ ಹಿಡಿಯೋದಿಲ್ಲ. ಫಿಫಾಗೇ ಅವಸರ ಇಲ್ಲ, ಕರಪತ್ರದವರಿಗೆ ‘ತಿಂಗಳೊಳಗೆ’ ಅನ್ನೋ ಅವಸರ.

ಇನ್ನು ನಾರ್ವೆ ನೋಡಿ. ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲದ ದೇಶ. ಅಲ್ಲಿ ಮಕ್ಕಳ ಕ್ರೀಡೆಗೇ ಪ್ರತ್ಯೇಕ ನಿಯಮಗಳಿವೆ. 1987ರಲ್ಲಿ ಬಂದವು, 2007ರಲ್ಲಿ ಪರಿಷ್ಕರಿಸಿದರು. 11 ವರ್ಷ ಆಗುವ ತನಕ ಅಂಕಪಟ್ಟಿ, ರ್‍ಯಾಂಕಿಂಗ್ ಹಾಕೋ ಹಾಗಿಲ್ಲ. 13ರ ಒಳಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಹೀಗೆ ಮಕ್ಕಳನ್ನ ಆಡೋಕೆ ಬಿಟ್ಟ ದೇಶ 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು. ಫುಟ್‌ಬಾಲ್‌ನಲ್ಲಿ ಎರ್ಲಿಂಗ್ ಹಾಲಂಡ್ ಬಂದದ್ದೂ ಅಲ್ಲಿಂದಲೇ. ಅವನು ಬೆಳೆದದ್ದು ಬ್ರೀನೆ ಅನ್ನೋ ಊರಲ್ಲಿ. ನಮ್ಮ ಬನಹಟ್ಟಿಗಿಂತ ಸಣ್ಣ ಊರು. ಊರಿನ ಕ್ಲಬ್ಬಲ್ಲೇ, ಊರಿನ ಹುಡುಗರ ಜೊತೆಯೇ ಆಡ್ತಾ ಇದ್ದ. ದೊಡ್ಡ ಕ್ಲಬ್‌ಗೆ ಹೋಗಿದ್ದು 2017ರಲ್ಲಿ, 16ನೇ ವಯಸ್ಸಿಗೆ.

ಕರಪತ್ರ ತೋರಿಸೋ ಏಣಿಯ ತುದಿಯನ್ನೂ ಒಮ್ಮೆ ನೋಡಿಬಿಡೋಣ. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಸುವವರು ಮುಂದಿನ ಸೀಸನ್ನನ್ನು ತಡೆಹಿಡಿದಿದ್ದೇವೆ ಅಂತ ಕ್ಲಬ್‌ಗಳಿಗೆ ತಿಳಿಸಿದರು. ಫೆಡರೇಷನ್ ಜೊತೆಗಿನ ಒಪ್ಪಂದ ಆ ವರ್ಷದ ಡಿಸೆಂಬರ್‌ಗೆ ಮುಗಿಯುತ್ತಿತ್ತು, ಮುಂದೇನು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ನಮ್ಮದೇ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟಾವಧಿಗೆ ನಿಲ್ಲಿಸಿತು. ಆಗ ಸುನಿಲ್ ಛೆಟ್ರಿ ಆಡ್ತಿದ್ದ ಕ್ಲಬ್ ಅದು. ಮಕ್ಕಳ ತಂಡಗಳಿಗೂ ಫುಟ್‌ಬಾಲ್ ಶಾಲೆಗಳಿಗೂ ತೊಂದರೆ ಆಗಲ್ಲ ಅಂತ ಅದೇ ಹೇಳಿಕೆಯಲ್ಲಿ ಭರವಸೆ ಕೊಟ್ಟಿದ್ದು ಅವರ ದೊಡ್ಡತನ, ಒಪ್ಪೋಣ. ಆದರೆ ದೇಶದ ದೊಡ್ಡ ಆಟಗಾರರಿಗೇ ಸಂಬಳದ ಖಾತ್ರಿ ಇಲ್ಲದ ಹೊತ್ತಲ್ಲಿ ಎಂಟು ವರ್ಷದವನಿಗೆ ಸೂಪರ್ ಲೀಗ್ ಆಸೆ ತೋರಿಸಿ ಒಂದು ಮಗ್ಗದ ರೊಕ್ಕಾ ಕೇಳೋದು ಇದೆಯಲ್ಲ, ಅದನ್ನ ಏನಂತ ಕರೀಬೇಕು?

ಹಾಗಾದರೆ ಕ್ಲಬ್ಬೇ ಬೇಡವಾ? ಬೇಕು. ಹುಡುಗನಿಗೆ ಹುಚ್ಚಿದೆ, ಅದು ಸಣ್ಣ ಮಾತಲ್ಲ. ಪ್ರಶ್ನೆ, ಎಂಥ ಕ್ಲಬ್ಬು ಅನ್ನೋದು. ಅದಕ್ಕೆ ನಾನು ಆ ಅಣ್ಣನಿಗೆ ಹೇಳಿದ್ದು ಇಷ್ಟೇ: ನಿಮಗೆ ಫುಟ್‌ಬಾಲ್ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಗರಡಿ ಮನಿ ಗೊತ್ತಲ್ಲ?

ಮುಧೋಳ, ಜಮಖಂಡಿ ಸೀಮೆಯಲ್ಲಿ ಹುಡುಗನನ್ನ ತಾಲೀಮಿಗೆ ಹಾಕುವಾಗ ಹಿರಿಯರು ಏನು ನೋಡ್ತಿದ್ದರು? ಕಟ್ಟಡ ನೋಡಲಿಲ್ಲ, ಬೋರ್ಡ್ ನೋಡಲಿಲ್ಲ. ವಸ್ತಾದನ್ನ ನೋಡ್ತಿದ್ದರು. ಅವನ ಚಟ ಏನು, ಬಾಯಿ ಹೇಗೆ, ಸೋತು ಬಂದ ಹುಡುಗನ ಜೊತೆ ಹೇಗೆ ಮಾತಾಡ್ತಾನೆ. ಜಾತ್ರೆಯ ಜಂಗೀ ನಿಕಾಲಿ ಕುಸ್ತಿಯಲ್ಲಿ ಹಸಿ ಹುಡುಗನನ್ನ ಬಲಿತ ಪೈಲ್ವಾನನ ಎದುರು ಬಿಡೋ ವಸ್ತಾದನ ಹತ್ತಿರ ಯಾರೂ ಮಕ್ಕಳನ್ನ ಕಳಿಸ್ತಿರಲಿಲ್ಲ. ತೆಂಗಿನಕಾಯಿ ಬಹುಮಾನದ ಕುಸ್ತಿಯಿಂದ ಶುರು ಮಾಡಿ ಬೆಳ್ಳಿ ಕಡಗದ ತನಕ ಬರೋಕೆ ವರ್ಷಗಳು ಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಗರಡಿಯ ಬಾಗಿಲು ತೆರೆದಿರುತ್ತಿತ್ತು, ಅಪ್ಪ ಬಂದು ಕಟ್ಟೆ ಮೇಲೆ ಕೂತು ನೋಡಬಹುದಿತ್ತು. ಅದೇ ಕಣ್ಣು ಇಟ್ಕೊಂಡು ಕ್ಲಬ್‌ಗೆ ಹೋಗಿ.

ಒಂದು ದಿನ ಪೂರ್ತಿ ಪ್ರಾಕ್ಟೀಸ್ ನೋಡಿ. ಟ್ರಯಲ್ಸ್ ಅಲ್ಲ, ಸಾದಾ ದಿನದ ಪ್ರಾಕ್ಟೀಸ್. ಇಪ್ಪತ್ತು ಹುಡುಗರು ಸಾಲಲ್ಲಿ ನಿಂತು ಒಬ್ಬೊಬ್ಬರಾಗಿ ಒದೀತಾ ಇದ್ದಾರೆ ಅಂದ್ರೆ ನಿಮ್ಮ ಮಗ ಒಂದು ಗಂಟೆಯಲ್ಲಿ ಚೆಂಡು ಮುಟ್ಟೋದು ಕೆಲವೇ ನಿಮಿಷ. ಉಳಿದದ್ದು ಕ್ಯೂ. ರೇಷನ್ ಅಂಗಡಿಯ ಅಭ್ಯಾಸ ಆಗುತ್ತೆ, ಫುಟ್‌ಬಾಲ್ ಬರಲ್ಲ. ಐದೈದು ಜನರ ಸಣ್ಣ ತಂಡ ಮಾಡಿ ಸಣ್ಣ ಅಂಗಳದಲ್ಲಿ ಆಡಿಸ್ತಿದ್ದಾರೆ ಅಂದ್ರೆ ಅಲ್ಲಿ ಕೋಚ್‌ಗೆ ಕೆಲಸ ಗೊತ್ತಿದೆ.

ಚೆಂಡು ನೋಡಿ. ಚೆಂಡಿನ ಮೇಲೆ ನಂಬರ್ ಇರುತ್ತೆ. ದೊಡ್ಡವರದ್ದು 5. ಎಂಟರಿಂದ ಹನ್ನೆರಡರ ಮಕ್ಕಳಿಗೆ 4, ಅದಕ್ಕಿಂತ ಚಿಕ್ಕವರಿಗೆ 3. ಪುಟ್ಟ ಕಾಲಿಗೆ 5ನೇ ನಂಬರ್ ಚೆಂಡು ಕೊಟ್ಟು ತಲೆಯಿಂದಲೂ ಹೊಡೆಸ್ತಿದ್ದರೆ ಎದ್ದು ಬನ್ನಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಹೆಡಿಂಗ್ ನಿಷೇಧಿಸಿದ್ದು 2015ರಲ್ಲೇ.

ಕೋಚ್‌ನ ಲೈಸೆನ್ಸ್ ಕೇಳಿ. ಸಂಕೋಚ ಬೇಡ, ಟಂಟಂ ಓಡಿಸುವವನಿಗೂ ಲೈಸೆನ್ಸ್ ಕೇಳ್ತೀವಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು ಕೋಚ್‌ಗಳಿಗೆ ಡಿ, ಸಿ, ಬಿ, ಎ ಅಂತ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸ್ ಕೊಡುತ್ತೆ. ಆಟಗಾರರ ನೋಂದಣಿಗೆ ಅದರದ್ದೇ ಆನ್‌ಲೈನ್ ವ್ಯವಸ್ಥೆ ಇದೆ. ಅಕಾಡೆಮಿಗಳಿಗೂ ಮಾನ್ಯತೆ, ಸ್ಟಾರ್ ರೇಟಿಂಗ್ ಕೊಡ್ತಾರೆ. ‘ನಮ್ಮದು ಮಾನ್ಯತೆ ಪಡೆದ ಅಕಾಡೆಮಿ’ ಅಂದ್ರೆ ‘ಯಾರಿಂದ, ಯಾವ ವರ್ಷದ್ದು, ಕಾಗದ ತೋರಿಸಿ’ ಅನ್ನಿ. ಒಳ್ಳೆಯವರು ಖುಷಿಯಿಂದ ತೋರಿಸ್ತಾರೆ. ಸಿಟ್ಟಾದವರ ಬಗ್ಗೆ ನಿಮಗೆ ಉತ್ತರ ಸಿಕ್ಕಿತಲ್ಲ.

ಹುಡುಗನ ವಯಸ್ಸು ಒಂದೆರಡು ವರ್ಷ ಕಡಿಮೆ ಬರೆಸೋಣ, ದೊಡ್ಡ ಟೂರ್ನಿಗೆ ಅನುಕೂಲ ಆಗುತ್ತೆ ಅಂತ ಯಾರಾದರೂ ಸೂಚಿಸಿದರೆ, ಅಲ್ಲಿಂದ ಆ ಕ್ಷಣವೇ ಹೊರಡಿ. ಇವತ್ತು ನಿಮ್ಮ ಮಗನ ಜನನ ಪ್ರಮಾಣಪತ್ರ ತಿದ್ದುವವರು ನಾಳೆ ನಿಮ್ಮ ರಸೀದಿಯನ್ನೂ ತಿದ್ದುತ್ತಾರೆ.

ಈಗ ಕಷ್ಟದ ಮಾತು. ಹಾಸ್ಟೆಲ್. ಎಂಟು ವರ್ಷದ ಮಗುವನ್ನ ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ದೊಡ್ಡವರ ಕೈಯಲ್ಲಿ ಬಿಡೋದು. 2015ರಲ್ಲಿ ಬಿಬಿಸಿ ಒಂದು ವರದಿ ಮಾಡಿತ್ತು. ಪಶ್ಚಿಮ ಆಫ್ರಿಕಾದ 23 ಅಪ್ರಾಪ್ತ ಹುಡುಗರನ್ನ ಫುಟ್‌ಬಾಲ್ ಅಕಾಡೆಮಿ ಹೆಸರಲ್ಲಿ ಲಾವೋಸ್ ದೇಶಕ್ಕೆ ಕರೆದೊಯ್ದಿದ್ದರು. ಆ ಅಕಾಡೆಮಿಗೆ ನೋಂದಣಿಯೇ ಇರಲಿಲ್ಲ. ಸಂಬಳ, ವಸತಿ ಅಂತ ಹೇಳಿ ಸಹಿ ಹಾಕಿಸಿಕೊಂಡರು. ಹುಡುಗರು ಮಲಗಿದ್ದು ಕ್ರೀಡಾಂಗಣದ ಒಂದು ಕೋಣೆಯ ನೆಲದ ಮೇಲೆ. ಬೆಳಗಾವಿಯಲ್ಲಿ ಟ್ರಯಲ್ಸ್ ಮಾಡಿದವರು ಅಂಥವರು ಅಂತ ನಾನು ಹೇಳ್ತಿಲ್ಲ. ಆದರೆ ಆ ಹುಡುಗರ ಅಪ್ಪಂದಿರೂ ‘ಸೆಲೆಕ್ಟ್ ಆಗ್ಯಾನ’ ಅಂತಲೇ ಸಿಹಿ ಹಂಚಿರ್ತಾರೆ.

ಅಷ್ಟು ದೂರ ಹೋಗೋದೂ ಬೇಡ. ಮಗುವನ್ನ ನೋಡೋಕೆ ಯಾವತ್ತು ಬೇಕಾದರೂ, ಹೇಳದೆ ಬರಬಹುದಾ ಅಂತ ಕೇಳಿ. ರಾತ್ರಿ ಮಕ್ಕಳ ಜೊತೆ ಯಾರು ಮಲಗ್ತಾರೆ ಕೇಳಿ. ಸ್ನಾನದ ಮನೆಗೆ ಚಿಲಕ ಇದೆಯಾ ನೋಡಿ. ಇದನ್ನೆಲ್ಲ ಕೇಳಿದರೆ ಏನಂದ್ಕೋತಾರೋ ಅನ್ನೋ ಮುಜುಗರದಲ್ಲೇ ನಮ್ಮ ಮಕ್ಕಳು ಹಾಳಾಗಿರೋದು. ಪೋಕ್ಸೊ ಕಾಯ್ದೆ ಬಂದಿದ್ದು 2012ರಲ್ಲಿ. ವಿಷಯ ಗೊತ್ತಿದ್ದೂ ದೂರು ಕೊಡದೆ ಮುಚ್ಚಿಟ್ಟವರಿಗೂ ಅದರಲ್ಲಿ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098. ಹುಡುಗನಿಗೂ ಬಾಯಿಪಾಠ ಮಾಡಿಸಿ.

ನನ್ನನ್ನ ಕೇಳಿದರೆ ಎಂಟಕ್ಕೆ ಹಾಸ್ಟೆಲ್ ಬೇಡ. ಅಮ್ಮನ ಕೈಯ ರೊಟ್ಟಿ ತಿಂದು ಸಂಜೆ ಆಡಲಿ. ಮುಂದೆಯೂ ಹುಚ್ಚು ಹಾಗೇ ಇದ್ದರೆ, ರಾಜ್ಯ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ನಿಲಯಗಳಿಗೆ 5ನೇ ತರಗತಿಗೂ 8ನೇ ತರಗತಿಗೂ ಮಕ್ಕಳನ್ನ ಆರಿಸುತ್ತೆ. ಊಟ, ವಸತಿ, ತರಬೇತಿ ಎಲ್ಲ ಸರ್ಕಾರದ್ದೇ. ಮಗ್ಗ ಒತ್ತೆ ಇಡಬೇಕಾಗಿಲ್ಲ. ಅಲ್ಲಿ ಮಾತ್ರ ಫೇಲ್ ಆಗುವವರು ಇರ್ತಾರೆ. ಅದು ನಿಜವಾದ ಆಯ್ಕೆ. ನಾನಾದರೆ 8ನೇ ತರಗತಿಯ ತನಕ ಕಾಯ್ತೀನಿ. ಈ ಹಾಸ್ಟೆಲ್‌ಗಳೆಲ್ಲ ಸ್ವರ್ಗ ಅಂತ ಹೇಳ್ತಿಲ್ಲ. ಊಟದ ಬಗ್ಗೆ, ಕೋಚ್ ಇಲ್ಲದ ಬಗ್ಗೆ ಇದೇ ಕುರ್ಚಿಯಲ್ಲಿ ಕೂತು ಬೈದಿದ್ದೀನಿ, ಮುಂದೆಯೂ ಬೈತೀನಿ. ಹಾಸ್ಟೆಲ್‌ನ ಸಾರು ನೋಡದೆ ಅಲ್ಲಿಗೂ ಬಿಡಬೇಡಿ.

ಅಲ್ಲಿಯ ತನಕ? ಫೆಡರೇಷನ್ನು 2018ರಲ್ಲಿ ‘ಗೋಲ್ಡನ್ ಬೇಬಿ ಲೀಗ್’ ಅಂತ ಶುರು ಮಾಡಿತು. ಚಿಕ್ಕ ಮಕ್ಕಳು, ಹುಡುಗ ಹುಡುಗಿ ಒಟ್ಟಿಗೆ, ಸಣ್ಣ ತಂಡ, ಸಣ್ಣ ಅಂಗಳ. ಅಂಥದ್ದನ್ನ ನಡೆಸೋಕೆ ದೊಡ್ಡ ಕ್ಲಬ್ಬೇ ಬೇಕು ಅಂತಿಲ್ಲ. ಶಾಲೆ ನಡೆಸಬಹುದು, ತಂದೆತಾಯಂದಿರೇ ಸೇರಿ ನಡೆಸಬಹುದು. ಬನಹಟ್ಟಿ ಓಣಿಗಳಲ್ಲಿ ನಲವತ್ತು ಮಕ್ಕಳು ಸಿಗಲ್ವಾ? ಶಾಲೆಯ ಮೈದಾನ ಸಂಜೆ ಖಾಲಿ ಬಿದ್ದಿರಲ್ವಾ? ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. ಬಡವರ ಓಣಿ, ಮಕ್ಕಳು ಇವತ್ತಿಗೂ ಬೀದಿಯಲ್ಲೇ ಚೆಂಡು ಒದೀತಾರೆ. 1948ರ ಜುಲೈ 31ರಂದು ಫ್ರಾನ್ಸ್ ವಿರುದ್ಧ ಬರಿಗಾಲಲ್ಲಿ ಆಡಿ, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಆಗ ವಿಮಾನದ ಚಿತ್ರ ಇರೋ ಕರಪತ್ರ ಯಾರು ಹಂಚಿದ್ದರು?

ಅಣ್ಣಾರ, ನಿಮ್ಮ ಮಗನ ಶಾಲೆಯ ಪಿಟಿ ಮೇಷ್ಟ್ರ ಹತ್ತಿರ ನಾಳೆಯೇ ಹೋಗಿ. ಒಬ್ಬರೇ ಹೋಗಬೇಡಿ, ಓಣಿಯ ನಾಲ್ಕು ಜನ ಅಪ್ಪಂದಿರನ್ನ ಕರ್ಕೊಂಡು ಹೋಗಿ. ವಾರಕ್ಕೆ ಎರಡು ಸಂಜೆ ಮೈದಾನದ ಗೇಟ್ ತೆಗೆಸಿಕೊಡಿ ಅಂತ ಕೇಳಿ. ಎರಡು ಚೆಂಡು ತಗೊಳ್ಳಿ, 4ನೇ ನಂಬರಿನವು. ಅಂಗಡಿಯವರು 5 ಕೊಟ್ಟು ‘ಎಲ್ಲಾ ಒಂದೇರಿ’ ಅಂದ್ರೆ ವಾಪಸ್ ಕೊಟ್ಟುಬಿಡಿ.