ಕಟಕಟೆಯಲ್ಲಿ ರ‍್ಯಾಪ್



ಹಿಪ್ ಹಾಪ್ ಕೇಳಿ ಹುಡುಗರು ಅಪರಾಧಕ್ಕೆ ಇಳಿಯುತ್ತಾರೆಯೇ? ಅಮೆರಿಕದಲ್ಲಿ ಈ ವಾದಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. 1990ರ ದಶಕದ ಉತ್ತರಾರ್ಧದಲ್ಲಿ ರ‍್ಯಾಪ್ ಮನೆಮನೆಗೆ ನುಗ್ಗುತ್ತಿದ್ದಾಗಲೇ ಹಿಂಸಾಪರಾಧಗಳಿಗಾಗಿ ಬಂಧಿತರಾಗುವ ಬಾಲಕರ ಸಂಖ್ಯೆ ಅಲ್ಲಿ ಇಳಿಯತೊಡಗಿತ್ತು. ಹಾಡಿನಿಂದ ಇಳಿಯಿತು ಎಂದು ನಾನು ಹೇಳಲಾರೆ. ಹಾಡೇ ಕಾರಣ ಎನ್ನುವವರಿಗೆ ಮಾತ್ರ ಆ ವರ್ಷಗಳು ಗಂಟಲಲ್ಲಿ ಸಿಕ್ಕಿಕೊಂಡಿವೆ.

ನನ್ನ ಆತಂಕವಿರುವುದು ನ್ಯಾಯಾಲಯದ ಬಗ್ಗೆ. ನ್ಯೂಜೆರ್ಸಿಯಲ್ಲಿ 2005ರಲ್ಲಿ ಗುಂಡಿನ ದಾಳಿಯೊಂದು ನಡೆಯಿತು. ಆರೋಪಿ ಸ್ಕಿನ್ನರ್ ಬಂಧನವಾದಾಗ ಕಾರಿನಲ್ಲಿ ಅವನ ರ‍್ಯಾಪ್ ಸಾಲುಗಳಿದ್ದ ನೋಟ್‌ಪುಸ್ತಕಗಳು ಸಿಕ್ಕವು. ಹೆಚ್ಚಿನವು ಘಟನೆಗೆ ವರ್ಷಗಳ ಮುಂಚೆ ಬರೆದವು. ಗಾಯಾಳುವಿನ ಹೆಸರು ಎಲ್ಲೂ ಇರಲಿಲ್ಲ. ಆದರೂ ಹದಿಮೂರು ಪುಟಗಳನ್ನು ಜ್ಯೂರಿಯ ಮುಂದೆ ಓದಲಾಯಿತು, ಶಿಕ್ಷೆಯೂ ಆಯಿತು. 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಸಾಲುಗಳನ್ನು ಸಾಕ್ಷ್ಯವಾಗಿ ಬಳಸಿದ್ದನ್ನು ಒಪ್ಪಲಿಲ್ಲ. ಷೆರೀಫನಿಗೆ ಗುಂಡಿಟ್ಟೆ ಎಂಬ ಹಾಡು ಕಟ್ಟಿದ ಬಾಬ್ ಮಾರ್ಲಿ ನಿಜಕ್ಕೂ ಗುಂಡಿಟ್ಟನೆಂದು ಯಾರೂ ನಂಬುವುದಿಲ್ಲ ಎಂಬ ಧಾಟಿಯಲ್ಲಿ ತೀರ್ಪು ಮಾತಾಡಿತು. ‘ಗದಾಯುದ್ಧ’ ಬರೆದ ರನ್ನನ ಮನೆಯಲ್ಲಿ ನಾವೂ ಗದೆ ಹುಡುಕಲಿಲ್ಲವಲ್ಲ!

ಜ್ಯೂರಿಯ ಕಿವಿಗೆ ಏನಾಗುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞೆ ಕ್ಯಾರಿ ಫ್ರೀಡ್ 1990ರ ದಶಕದಲ್ಲಿ ಮಾಡಿದ ಪ್ರಯೋಗ ನೋಡಿ. ಹಿಂಸೆಯ ಕಥೆಯಿದ್ದ ಹಳೆಯ ಜಾನಪದ ಶೈಲಿಯ ಹಾಡೊಂದರ ಸಾಲುಗಳನ್ನು ಕೆಲವರಿಗೆ ಕಂಟ್ರಿ ಹಾಡೆಂದು, ಕೆಲವರಿಗೆ ರ‍್ಯಾಪ್ ಎಂದು ಹೇಳಿ ಓದಿಸಿದರು. ಸಾಲುಗಳು ಅವೇ. ರ‍್ಯಾಪ್ ಎಂದು ಕೇಳಿದವರಿಗೆ ಅವು ಹೆಚ್ಚು ಅಪಾಯಕಾರಿಯಾಗಿ ಕಂಡವು.

ಹಾಗೆಂದು ಹಾಡಿಗೆ ಪೂರ್ತಿ ಕ್ಲೀನ್ ಚಿಟ್ ಕೊಡುವ ಆತುರವೂ ಬೇಡ. ಷಿಕಾಗೋದಲ್ಲಿ ಡ್ರಿಲ್ ಎಂಬ ಬಗೆಯ ರ‍್ಯಾಪ್ ಹಾಡುಗಳಲ್ಲಿ ಎದುರಾಳಿ ಗುಂಪಿನ ಸತ್ತವರನ್ನೂ ಹೆಸರು ಹಿಡಿದು ಹಂಗಿಸುವುದುಂಟು; ಹಳೆಯ ಜಗಳಕ್ಕೆ ಅದು ಎಣ್ಣೆ ಹೊಯ್ಯಬಲ್ಲದು. ಅಲ್ಲಿನ ಹುಡುಗರ ನಡುವೆ ಕ್ಷೇತ್ರಕಾರ್ಯ ಮಾಡಿದ ಸಮಾಜಶಾಸ್ತ್ರಜ್ಞ ಫಾರೆಸ್ಟ್ ಸ್ಟುವರ್ಟ್ ಕಂಡದ್ದು ಇನ್ನೊಂದು ಮುಖ: ಕ್ಯಾಮೆರಾ ಮುಂದಿನ ಅಬ್ಬರದಲ್ಲಿ ಬಹುಪಾಲು ಉತ್ಪ್ರೇಕ್ಷೆ. ವೀಕ್ಷಕರು ಬೇಕು, ಅವರ ಮೂಲಕ ನಾಲ್ಕು ಕಾಸು ಬೇಕು.

ಹಾಡನ್ನೇ ತಡೆಯಲು ಹೊರಟವರೂ ಇದ್ದಾರೆ. ಲಂಡನ್ನಿನಲ್ಲಿ ಪೊಲೀಸರು ಸಂಗೀತ ಕಾರ್ಯಕ್ರಮಗಳ ಅಪಾಯ ಅಳೆಯಲು ತಂದ ‘ಫಾರ್ಮ್ 696’ 2017ರವರೆಗೆ ಬಳಕೆಯಲ್ಲಿತ್ತು. 2019ರಲ್ಲಿ ಅಲ್ಲಿನ ಇಬ್ಬರು ಡ್ರಿಲ್ ಗಾಯಕರಿಗೆ, ನ್ಯಾಯಾಲಯದ ತಡೆಯಾಜ್ಞೆ ಮೀರಿ ಹಾಡಿದ್ದಕ್ಕೆ, ಅಮಾನತಿನಲ್ಲಿಟ್ಟ ಜೈಲುಶಿಕ್ಷೆಯಾಯಿತು. ಹಾಡು ನಿಲ್ಲಿಸುವುದು ಸುಲಭ. ಬಡಾವಣೆಯ ಯುವಕೇಂದ್ರ ತೆರೆದಿಡಲು ಬಜೆಟ್ ಬೇಕು.

ಮತ್ತೆ ನ್ಯಾಯಾಲಯಕ್ಕೆ ಬರೋಣ. ಕ್ಯಾಲಿಫೋರ್ನಿಯಾ 2022ರ ಕಾಯ್ದೆಯಲ್ಲಿ, ಹಾಡಿನಂಥ ರಚನೆಗಳನ್ನು ಸಾಕ್ಷ್ಯವಾಗಿ ಒಪ್ಪುವ ಮುನ್ನ ಅವು ಹುಟ್ಟಿಸಬಹುದಾದ ಪೂರ್ವಗ್ರಹವನ್ನು ನ್ಯಾಯಾಧೀಶರು ತೂಗಿ ನೋಡಬೇಕೆಂದು ವಿಧಿಸಿದೆ. ತೂಗಲು ಹಾಡಿನ ಪರಂಪರೆ ಬಲ್ಲವರು ಬೇಕು. ಎಷ್ಟೋ ಮೊಕದ್ದಮೆಗಳಲ್ಲಿ ಸಾಲುಗಳ ಅರ್ಥ ಹೇಳಲು ಬರುವವರು ಪೊಲೀಸ್ ಅಧಿಕಾರಿಗಳೇ. ತನಿಖೆಯ ಕಡೆಯವರೇ ಭಾಷ್ಯಕಾರರೂ ಆಗಬಹುದೇ? ಇಲ್ಲಿ ನಡೆಯುವ ಮೊದಲ ಗೋಷ್ಠಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.