ತರುಣರೂ ಧೂಮಪಾನವೂ



ಬಾಲಕನು ರುಚಿಗೆ ಮರುಳಾಗಿ ಬೀಡಿಯನ್ನು ಹಿಡಿಯುವುದಿಲ್ಲ. ಮೊದಲ ಹೊಗೆಯು ಕೆಮ್ಮನ್ನೇ ತರುವುದು. ಗೆಳೆಯರ ನಡುವೆ ಹೇಡಿಯೆನಿಸಬಾರದೆಂಬ ಅಳುಕೂ, ದೊಡ್ಡವನಂತೆ ತೋರಬೇಕೆಂಬ ಹಂಬಲವೂ ಅವನನ್ನು ಎಳೆಯುವುವು. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 15 ವರ್ಷ ವಯಸ್ಸಿನ ವಿದ್ಯಾರ್ಥಿಗಳೊಳಗೆ ನೂರಕ್ಕೆ 8.5 ಮಂದಿ ತಂಬಾಕನ್ನು ಬಳಸುತ್ತಿದ್ದುದು ಕಂಡುಬಂದಿತು. 2003ರ ಕಾಯಿದೆಯು ವಿದ್ಯಾಲಯಗಳಿಂದ 100 ಗಜದೊಳಗೆ ಅದರ ಮಾರಾಟವನ್ನು ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮಾರಕೂಡದೆಂದಿತು. ಆದರೆ ತಂದೆಯೇ ಮಗನ ಕೈಗೆ ಕಾಸನ್ನಿತ್ತು ಬೀಡಿಯನ್ನು ತರಹೇಳಿದರೆ ಕಾಯಿದೆಯು ಏನು ಮಾಡೀತು? ಮನೆಯ ಜಗುಲಿಯೇ ಮಗುವಿನ ಮೊದಲ ಪಾಠಶಾಲೆಯಲ್ಲವೆ? ಆದುದರಿಂದ ಮಕ್ಕಳನ್ನು ಗದರಿಸುವುದಕ್ಕೆ ಮುನ್ನ ಹಿರಿಯರು ತಾವೇ ಆ ಚಟವನ್ನು ತೊರೆಯಲಿ. ಗೆಳೆಯನು ನೀಡಿದುದನ್ನು ಒಲ್ಲೆನೆಂದ ಹುಡುಗನನ್ನು ಧೀರನೆಂದು ಹತ್ತು ಜನರೆದುರು ಮನ್ನಿಸಲಿ.